ಸಾಕು ಮೊಲವನ್ನು ಪೆಟ್ ಶೋಗೆ ಬಿಡಬಹುದಾ? ಅನುಭವ ಇದ್ದವರು ಹೇಳಿ

ನೀರ್ಚಾಲಿನ ಅಮ್ಮ

ಎಲ್ಲರಿಗೂ ನಮಸ್ಕಾರ. ಫೆಬ್ರವರಿ ಕೊನೆಯ ಭಾನುವಾರ ಇಲ್ಲಿ ಕಾಸರಗೋಡು ಕಡೆ ನಮ್ಮ ಹತ್ತಿರದ ಪೇಟೆಯ ಮೈದಾನದಲ್ಲಿ ಕೃಷಿ ಮೇಳ ಉಂಟು. ಜೊತೆಗೆ ಪೆಟ್ ಶೋ. ನಾಯಿ, ಬೆಕ್ಕು, ಹಕ್ಕಿ ಮೊದಲಿಂದಲೂ ಇತ್ತು, ಈ ಸಲ ಮೊಲಕ್ಕೂ ಒಂದು ವಿಭಾಗ ಮಾಡಿದ್ದಾರೆ. ಏಳನೇ ಕ್ಲಾಸಿನ ಮಗಳು ಫಾರ್ಮ್ ತಂದು ಫ್ರಿಜ್ಜಿಗೆ ಅಂಟಿಸಿಯೂ ಆಯ್ತು. ಪ್ರವೇಶ ಶುಲ್ಕ 200 ರೂಪಾಯಿ.

ನಮ್ಮಲ್ಲಿ ಎರಡು ಮೊಲ. ಒಂದು ಗುಂಡ, ಗಂಡು. ಬೂದು ಬಣ್ಣ, ಸೋವಿಯತ್ ಚಿಂಚಿಲ್ಲಾ ತಳಿಯ ಕ್ರಾಸ್ ಅಂತ ಕೊಟ್ಟವರು ಹೇಳಿದ್ದರು, ನಾಲ್ಕು ಕಿಲೋ ಹತ್ತಿರ ತೂಗುತ್ತಾನೆ. ಮನೆಗೆ ಬಂದವರೆಲ್ಲ ಅವನ ಫೋಟೋ ತೆಗೆಯುತ್ತಾರೆ. ಇನ್ನೊಂದು ಬೆಲ್ಲ, ಹೆಣ್ಣು. ಕಂದು ಬಣ್ಣ, ಸಣ್ಣ ಗಾತ್ರ, ಎಡಗಿವಿಯ ತುದಿ ಹರಿದಿದೆ. ಯಾವ ಜಾತಿ ಅಂತ ಅವಳಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಎರಡಕ್ಕೂ ಬೇರೆ ಬೇರೆ ಗೂಡು, ಮಧ್ಯೆ ತಂತಿ ಬಲೆ.

ಮಗಳಿಗೆ ಗುಂಡನನ್ನು ಬಿಡಬೇಕು ಅಂತ ಆಸೆ. ನನಗೆ ಒಳಗೊಳಗೇ ಪುಕ್ಕಲು. ಬೇಡ ಅನ್ನಲಿಕ್ಕೆ ಸರಿಯಾದ ಕಾರಣ ಬೇಕು, ಆಯ್ತು ಅನ್ನಲಿಕ್ಕೆ ಧೈರ್ಯ ಬೇಕು. ಏನಾದರೂ ಒಂದು ಕೊಡಿ.

ಪೈವಳಿಕೆ ಪೋಕ್ರಿ

ಕಂಬಳದ ಕೋಣಕ್ಕೆ ಹುರುಳಿ ಬೇಯಿಸಿ ಹಾಕಿ ಎಣ್ಣೆ ತಿಕ್ಕುವ ಊರಿನವರು ನಾವು. ಮೊಲಕ್ಕೂ ಎಣ್ಣೆ ತಿಕ್ಕಿ ಅಕ್ಕ, ಫಸ್ಟ್ ಗ್ಯಾರಂಟಿ.

ಮುಳ್ಳೇರಿಯದ ಮೊಲದಣ್ಣ

ಪೋಕ್ರಿ ಮಾತು ಕೇಳಿ ಎಣ್ಣೆ ಗಿಣ್ಣೆ ಹಚ್ಚಬೇಡಿ ಅಕ್ಕ. ಕೂದಲೆಲ್ಲ ಅಂಟಿಕೊಂಡು ಅದೇ ದೊಡ್ಡ ರಾಮಾಯಣ ಆಗುತ್ತದೆ.

ನಾನು ಮುಳ್ಳೇರಿಯದಲ್ಲಿ ಸಣ್ಣ ಮಟ್ಟಿಗೆ ಮೊಲ ಸಾಕಿ ಮಾರುತ್ತೇನೆ. ವೈಟ್ ಜೈಂಟ್, ಗ್ರೇ ಜೈಂಟ್, ಸೋವಿಯತ್ ಚಿಂಚಿಲ್ಲಾ. ಮೇಳಗಳಿಗೆ ಹೋಗುತ್ತಾ ಇರುತ್ತೇನೆ. ನನ್ನ ಅಭಿಪ್ರಾಯ, ಧಾರಾಳ ಬಿಡಿ. ನಮ್ಮ ಕಡೆ ಮೊಲ ಅಂದರೆ ಜನಕ್ಕೆ ಒಂದೋ ಮಾಂಸ, ಇಲ್ಲ ಮಕ್ಕಳ ಆಟದ ಸಾಮಾನು. ಚೆನ್ನಾಗಿ ಸಾಕಿದ ಒಂದು ಮೊಲ ನಾಲ್ಕು ಜನರ ಕಣ್ಣಿಗೆ ಬಿದ್ದರೆ ಒಳ್ಳೆಯದೇ. ನನಗೆ ಒಳ್ಳೆ ತಳಿಯ ಗಂಡು ಎಲ್ಲಿದೆ ಅಂತ ಗೊತ್ತಾಗಿದ್ದೇ ಇಂಥ ಕಡೆ. ಮಗುವಿಗೂ ನಾಲ್ಕು ಜನರ ಎದುರು ಮಾತಾಡುವ ಧೈರ್ಯ ಬರುತ್ತದೆ.

ಗುಂಡನ ಫೋಟೋ ಹಾಕಿ, ನೋಡುವಾ.

ನೀರ್ಚಾಲಿನ ಅಮ್ಮ

ಫೋಟೋ ಹಾಕಿದ್ದೇನೆ. ಹೊಟ್ಟೆಯ ಕೆಳಗೆ ಬಿಳಿ, ಮೇಲೆ ಬೂದು. ಊದಿದರೆ ರೋಮದ ಒಳಗೆ ಬಣ್ಣ ಬಣ್ಣದ ಉಂಗುರ ಕಾಣುತ್ತದೆ. ಅಣ್ಣ, ಜಡ್ಜ್ ಎಂತ ನೋಡುತ್ತಾರೆ? ನಾಯಿ ಶೋ ಟಿವಿಯಲ್ಲಿ ನೋಡಿದ್ದೇನೆ, ಮೊಲದ್ದು ನೋಡಿಯೇ ಇಲ್ಲ.

ಮುಳ್ಳೇರಿಯದ ಮೊಲದಣ್ಣ

ಉಂಗುರ ಇದ್ದರೆ ಚಿಂಚಿಲ್ಲಾ ರಕ್ತ ಇದೆ, ಬಿಡಿ. ಚಂದ ಇದ್ದಾನೆ. ಜಡ್ಜ್ ವಿಷಯ ಸತ್ಯ ಹೇಳಬೇಕಾದರೆ, ನಮ್ಮಲ್ಲಿ ಇಂಥದ್ದೇ ಅಂತ ಇಲ್ಲ. ದೊಡ್ಡದು, ಚಂದದ್ದು, ಕ್ಲೀನ್ ಇರುವುದು. ಕೆಲವು ಕಡೆ ಜನ ಜಾಸ್ತಿ ಸೇರಿದ ಗೂಡಿಗೇ ಪ್ರೈಜ್.

ಉಪ್ಪಳದವಳು, ಈಗ ಲೆಸ್ಟರ್

ಇಲ್ಲಿ ಇಂಗ್ಲೆಂಡಿನಲ್ಲಿ ನನ್ನ ಪಕ್ಕದ ಮನೆಯವರು ಮೊಲದ ಶೋ ಹುಚ್ಚರು. ಅವರ ಜೊತೆ ನಾನೂ ಹೋಗುತ್ತೇನೆ. ಹೇಗೆ ನಡೆಯುತ್ತದೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಿಮಗೆ ತೀರ್ಮಾನಕ್ಕೆ ಉಪಯೋಗ ಆಗಬಹುದು.

ಇಲ್ಲಿ ಬ್ರಿಟಿಷ್ ರ‍್ಯಾಬಿಟ್ ಕೌನ್ಸಿಲ್ ಅಂತ ಸಂಸ್ಥೆ ಇದೆ. ಒಂದೊಂದು ತಳಿಗೂ ಹೀಗೇ ಇರಬೇಕು ಅಂತ ಅವರದ್ದು ಬರೆದಿಟ್ಟ ಲೆಕ್ಕ. ಮರಿ ಇರುವಾಗಲೇ ಹಿಂಗಾಲಿಗೆ ಒಂದು ಉಂಗುರ ತೊಡಿಸುತ್ತಾರೆ. ದೊಡ್ಡದಾದ ಮೇಲೆ ಅದು ಕಳಚುವುದಿಲ್ಲ, ಹೊಸದಾಗಿ ಹಾಕಲಿಕ್ಕೂ ಆಗುವುದಿಲ್ಲ. ಅಮೆರಿಕದಲ್ಲಿ ಉಂಗುರ ಇಲ್ಲ, ಎಡಗಿವಿಯ ಒಳಗೆ ಹಚ್ಚೆ. ಅಲ್ಲಿನ ಸಂಸ್ಥೆ 1910ರಿಂದ ಇದೆ.

ಜಡ್ಜ್ ಬಿಳಿ ಕೋಟು ಹಾಕಿಕೊಂಡು ಮೇಜಿನ ಹಿಂದೆ ನಿಲ್ಲುತ್ತಾರೆ. ಮೇಜಿನ ಮೇಲೆ ಜಾರದ ಹಾಗೆ ಜಮಖಾನೆ ತುಂಡು. ಮೊಲವನ್ನು ಮುಂದಿಟ್ಟು ಒಂದು ಕೈ ಎದೆ ಕೆಳಗೆ, ಒಂದು ಕೈ ಪೃಷ್ಠಕ್ಕೆ ಕೊಟ್ಟು ಮಗುಚುತ್ತಾರೆ. ಹೊಟ್ಟೆ ಮೇಲೆ ಮಾಡಿ ತುಟಿ ಸರಿಸಿ ಮುಂದಿನ ಹಲ್ಲು ನೋಡುತ್ತಾರೆ. ಮೇಲಿನ ಹಲ್ಲು ಕೆಳಗಿನದರ ಮುಂದೆ ಕೂರಬೇಕು. ಆಮೇಲೆ ಒಂದೊಂದೇ ಉಗುರು, ಪಾದದ ಅಡಿ, ಬಾಲದ ಕೆಳಗೆ. ಮತ್ತೆ ನೆಟ್ಟಗೆ ಕೂರಿಸಿ ಬಾಲದ ಕಡೆಯಿಂದ ತಲೆ ಕಡೆಗೆ ರೋಮವನ್ನು ಉಲ್ಟಾ ಸವರುತ್ತಾರೆ. ಕೆಲವು ತಳಿಯಲ್ಲಿ ರೋಮ ಪಟ್ಟಂತ ವಾಪಸ್ ಮಲಗಬೇಕು, ಕೆಲವದರಲ್ಲಿ ನಿಧಾನವಾಗಿ. ರೆಕ್ಸ್ ತಳಿಯದ್ದು ಮಲಗುವುದೇ ಇಲ್ಲ, ಮಖಮಲ್ಲಿನ ಹಾಗೆ ನೆಟ್ಟಗೆ ನಿಂತಿರುತ್ತದೆ. ಒಂದು ಮೊಲಕ್ಕೆ ಒಂದೆರಡು ನಿಮಿಷ, ಅಷ್ಟೇ.

ತಳಿ ಗೊತ್ತಿಲ್ಲದ ಮನೆ ಮೊಲಗಳಿಗೆ ಬೇರೆಯೇ ವಿಭಾಗ ಇರುತ್ತದೆ. ಉಂಗುರ ಬೇಡ. ಅಲ್ಲಿ ನೋಡುವುದು ಆರೋಗ್ಯ, ಮೈಕಟ್ಟು, ಮತ್ತೆ ಮನುಷ್ಯರ ಕೈಗೆ ಎಷ್ಟು ಹೊಂದಿಕೊಂಡಿದೆ ಅನ್ನುವುದು. ನೀವು ಫೋಟೋ ಹಾಕದೆ ಇದ್ದಿದ್ದರೂ ನಾನು ಕೇಳುತ್ತಿದ್ದುದು ಗುಂಡನ ಬಣ್ಣವನ್ನಲ್ಲ. ಅಪರಿಚಿತರು ಮಗುಚಿದರೆ ಅವನು ಎಂತ ಮಾಡುತ್ತಾನೆ?

ನೀರ್ಚಾಲಿನ ಅಮ್ಮ

ಮಗಳ ಹೊರತು ಬೇರೆ ಯಾರ ಕೈಗೂ ಅವನು ಸಿಗುವುದಿಲ್ಲ. ನಾನು ಎತ್ತಿದರೂ ಒದೆಯುತ್ತಾನೆ. ಗೂಡಿನಲ್ಲಿ ಮಾತ್ರ ಬಹಳ ಸಾಧು. ಗೇಟಿನ ಹತ್ತಿರ ಬೈಕು ನಿಂತರೆ ಅಲ್ಲಾಡದೆ ಕೂತಿರುತ್ತಾನೆ.

ಅಕ್ಕಲಕೋಟದ ಕಾಕಾ

ಅಕ್ಕಾರ, ನಮ್ಮ ಕಡೆ ಬ್ಯಾಸಿಗಿ 40 ದಾಟತದ. ಮೊಲ ಮಧ್ಯಾಹ್ನ ಹೊರಗ ತಗದ್ರ ಸಂಜಿತನಾ ಉಳಿಯೂದಿಲ್ಲ. ಶೋ ಎಷ್ಟ ಗಂಟೆಗದ, ಮ್ಯಾಲ ತಗಡದೊ ಏನು ಬಟ್ಟಿ ಅದನೊ, ಮೊದಲ ಅದನ್ನ ಕೇಳ್ರಿ.

ಮಣ್ಣುತ್ತಿಯಲ್ಲಿ ಓದುವ ಪೆರ್ಲದವ

ನಾನು ಪಶುವೈದ್ಯಕೀಯ ಓದುತ್ತಿದ್ದೇನೆ, ಮನೆ ಪೆರ್ಲ. ಕಾಕಾ ಹೇಳಿದ್ದು ಸರಿ, ಅದಕ್ಕೇ ಸ್ವಲ್ಪ ಸೇರಿಸುತ್ತೇನೆ.

ಮೊಲಕ್ಕೆ ನಮ್ಮ ಹಾಗೆ ಬೆವರಿ ಮೈ ತಣಿಸಲಿಕ್ಕೆ ಆಗುವುದಿಲ್ಲ. ನಾಯಿ ಬಾಯಿ ತೆರೆದು ಏದುಸಿರು ಬಿಟ್ಟು ತಣಿಯುತ್ತದೆ, ಮೊಲಕ್ಕೆ ಅದೂ ಸರಿಯಾಗಿ ಬರುವುದಿಲ್ಲ. ಅದು ಉಸಿರಾಡುವುದು ಮೂಗಿನಿಂದ. ಮೈಯ ಬಿಸಿ ಹೊರಗೆ ಹೋಗುವುದು ಮುಖ್ಯವಾಗಿ ಕಿವಿಯಿಂದ. 15ರಿಂದ 20 ಡಿಗ್ರಿ ಅದಕ್ಕೆ ಹಿತ. 30 ದಾಟಿದರೆ ಕಷ್ಟ ಶುರು, 35 ಅಂದರೆ ಅಪಾಯ. ಕಾಸರಗೋಡಿನಲ್ಲಿ ಫೆಬ್ರವರಿ ಕೊನೆಗೆ ಮಧ್ಯಾಹ್ನ 32, 33 ಸಾಮಾನ್ಯ. ಮೇಲಿಂದ ಸಮುದ್ರದ ಕಡೆಯ ಸೆಖೆ. ತಗಡಿನ ಚಪ್ಪರದ ಅಡಿ, ಸುತ್ತ ಜನ ನಿಂತರೆ, ಗೂಡಿನ ಒಳಗೆ ಎಷ್ಟಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಮೊಲ ಬಾಯಿ ತೆರೆದು ಉಸಿರಾಡುತ್ತಿದೆ, ಜೊಲ್ಲು ಬರುತ್ತಿದೆ ಅಂದರೆ ಕೈ ಮೀರುತ್ತಾ ಇದೆ ಅಂತ ಅರ್ಥ. ಆಗ ಕಿವಿಗೆ ಒದ್ದೆ ಬಟ್ಟೆ ಸವರಿ ನೆರಳಿಗೆ ಒಯ್ಯಬೇಕು. ಐಸ್ ನೀರಿನ ಬಕೆಟಿಗೆ ಮುಳುಗಿಸಬಾರದು.

ಇನ್ನೊಂದು, ಅಕ್ಕ ಬರೆದ "ಅಲ್ಲಾಡದೆ ಕೂತಿರುತ್ತಾನೆ" ಅನ್ನುವ ಮಾತು. ನನಗೆ ಅದೇ ಚಿಂತೆ. ಮೊಲ ನರಿ, ನಾಯಿ, ಗಿಡುಗನಿಗೆ ಆಹಾರವಾಗುವ ಪ್ರಾಣಿ. ಹೆದರಿದಾಗ ಮೊದಲು ಮಾಡುವುದೇ ಕಲ್ಲಾಗುವುದು. ಕಿವಿ ಬೆನ್ನಿಗೆ ಅಂಟಿರುತ್ತದೆ, ಕಣ್ಣು ಹೊರಗೆ ಬಂದ ಹಾಗೆ ಕಾಣುತ್ತದೆ, ಮೈ ಬಿಗಿ. ಜನ "ಅಯ್ಯೋ ಎಷ್ಟು ಪಾಪ" ಅಂತ ಮುಟ್ಟುತ್ತಾರೆ. ಬೆನ್ನ ಮೇಲೆ ಮಲಗಿಸಿದಾಗ ಸುಮ್ಮನಾಗುವುದೂ ಹಾಗೇ. ಅದು ನಿದ್ದೆ ಅಲ್ಲ, ಹೆದರಿಕೆ. ಅದಕ್ಕೇ ಜಡ್ಜ್ ಮಗುಚಿ ನೋಡುವುದು ಎರಡು ನಿಮಿಷದಲ್ಲಿ ಮುಗಿಯಬೇಕು. ಒದೆಯುವ ಮೊಲವನ್ನು ಗೊತ್ತಿಲ್ಲದವರು ಹಿಡಿದರೆ ಇನ್ನೂ ಕಷ್ಟ. ಅದರ ಹಿಂಗಾಲಿಗೆ ಭಾರಿ ಬಲ, ಬೆನ್ನೆಲುಬು ಮಾತ್ರ ಹಗುರ. ಗಾಳಿಯಲ್ಲಿ ಜೋರಾಗಿ ಒದ್ದರೆ ತನ್ನ ಬೆನ್ನನ್ನು ತಾನೇ ಮುರಿದುಕೊಳ್ಳುವುದುಂಟು.

ಕೊನೆಯದು ಹೊಟ್ಟೆ. ಹೆದರಿದ ಮೊಲ ತಿನ್ನುವುದು ಬಿಡುತ್ತದೆ. ತಿನ್ನದಿದ್ದರೆ ಕರುಳು ನಿಲ್ಲುತ್ತದೆ. ವಾಂತಿ ಮಾಡಲಿಕ್ಕೆ ಅದಕ್ಕೆ ಬರುವುದಿಲ್ಲ. ಹನ್ನೆರಡು ಗಂಟೆ ಏನೂ ತಿಂದಿಲ್ಲ, ಹಿಕ್ಕೆ ಹಾಕಿಲ್ಲ ಅಂದರೆ ನಾಳೆ ನೋಡೋಣ ಅನ್ನುವ ಹಾಗಿಲ್ಲ. ಶೋಗಳ ಮರುದಿನ ಆಗುವ ತೊಂದರೆ ಹೆಚ್ಚಾಗಿ ಇದೇ. ಆಗ ಯಾರಾದರೂ ಆಮಾಕ್ಸಿಸಿಲಿನ್ ಸಿರಪ್ ಬಾಯಿಗೆ ಹಾಕಿ ಅಂದರೆ ಹಾಕಬೇಡಿ. ನಮಗೆ ಒಗ್ಗುವ ಆ ಔಷಧ ಮೊಲದ ಕರುಳನ್ನು ಹಾಳು ಮಾಡುತ್ತದೆ.

ಮುಳ್ಳೇರಿಯದ ಮೊಲದಣ್ಣ

ಡಾಕ್ಟ್ರೇ, ಹೀಗೆ ಹೆದರಿಸಿದರೆ ಮೊಲ ಸಾಕುವುದೇ ಬೇಡ ಅಂತಾಗುತ್ತದೆ. ನನ್ನ ಮೊಲಗಳು ಪಿಕಪ್ಪಿನಲ್ಲಿ ಮಂಗಳೂರಿಗೂ ಹೋಗುತ್ತವೆ, ಚೆರ್ಕಳ ದಾರಿಯ ತಿರುವುಗಳನ್ನೂ ನೋಡಿವೆ. ಇಳಿಸಿದ ಕೂಡಲೇ ಹುಲ್ಲಿಗೆ ಬಾಯಿ ಹಾಕುತ್ತವೆ. ಎಲ್ಲಾ ಅಭ್ಯಾಸದ ಮೇಲೆ.

ಮಣ್ಣುತ್ತಿಯಲ್ಲಿ ಓದುವ ಪೆರ್ಲದವ

ಅಣ್ಣ, ನೀವು ಹೇಳಿದ್ದೇ ನನ್ನ ಮಾತೂ. ನಿಮ್ಮವು ಮರಿಯಿಂದಲೂ ಹತ್ತಾರು ಕೈ ನೋಡಿವೆ, ತಂತಿ ಗೂಡು ನೋಡಿವೆ, ವಾಹನ ನೋಡಿವೆ. ನೀವು ಹೊರಡುವುದೂ ಬೆಳಗ್ಗೆ ನಾಲ್ಕಕ್ಕೆ, ಅಲ್ವಾ? ಗುಂಡ ಅಂಗಳ ಬಿಟ್ಟು ಹೋದವನಲ್ಲ.

ಮುಳ್ಳೇರಿಯದ ಮೊಲದಣ್ಣ

ನಾಲ್ಕಲ್ಲ, ಮೂರೂವರೆಗೆ. ಸರಿ, ಒಪ್ಪಿದೆ. ಹಾಗಾದರೆ ಸುಮ್ನೆ ಚರ್ಚೆ ಮಾಡುವ ಬದಲು ಮನೆಯಲ್ಲೇ ಪರೀಕ್ಷೆ ಮಾಡಿ ಅಕ್ಕ. ಜಗಲಿಯಲ್ಲಿ ಒಂದು ಮೇಜಿಡಿ, ಮೇಲೆ ಗೋಣಿ ಹಾಸಿ. ಪಕ್ಕದ ಮನೆಯವರನ್ನು ಕರೆಯಿರಿ. ಮೊಬೈಲಿನಲ್ಲಿ ಚೆಂಡೆ ಹಾಕಿ ಸ್ವಲ್ಪ ದೂರ ಇಡಿ. ಮೇಳ ಅಂದ ಮೇಲೆ ಮೈಕು, ಚೆಂಡೆ, ಕದಿನದ ಸಿಡಿಮದ್ದು ಎಲ್ಲ ಇದ್ದದ್ದೇ. ಅಪರಿಚಿತರು ಬೆನ್ನು ಸವರಲಿ, ಬಾಯಿ ನೋಡಲಿ. ಆಮೇಲೆ ಕೊತ್ತಂಬರಿ ಸೊಪ್ಪು ಮುಂದಿಡಿ. ಅಲ್ಲೇ ತಿಂದರೆ ಪಾಸ್. ಮುಟ್ಟದಿದ್ದರೆ ಫೇಲ್. ಇದಕ್ಕಿಂತ ದೊಡ್ಡ ಡಾಕ್ಟರ್ ಬೇಡ.

ಮಣ್ಣುತ್ತಿಯಲ್ಲಿ ಓದುವ ಪೆರ್ಲದವ

ಇದು ಒಳ್ಳೆ ಉಪಾಯ. ಒಂದು ಸೂಚನೆ. ಮೊಲಕ್ಕೆ ಸುತ್ತ ಎಲ್ಲ ಕಾಣುತ್ತದೆ, ಮೂಗಿನ ನೇರ ಮುಂದೆ ಮಾತ್ರ ಕಾಣುವುದಿಲ್ಲ. ಮುಖದ ಎದುರಿಂದ ಕೈ ತರಬೇಡಿ, ಹಣೆಯ ಮೇಲಿಂದ ಮುಟ್ಟಲಿಕ್ಕೆ ಹೇಳಿ. ಕಿವಿ ಹಿಡಿದು ಎತ್ತುವವರು ಯಾರಾದರೂ ಬಂದರೆ ಅವರ ಕಿವಿ ಹಿಡಿಯಿರಿ.

ಕೋತಗಿರಿಯಿಂದ

ಮಧ್ಯೆ ಬಾಯಿ ಹಾಕುತ್ತೇನೆ. ನಮ್ಮ ನೀಲಗಿರಿಯಲ್ಲಿ ಸ್ಯಾಂಡಿನಲ್ಲಾದ ಕುರಿ ಸಂಶೋಧನಾ ಕೇಂದ್ರದಲ್ಲಿ ಮೊಲ ಸಾಕುತ್ತಾರೆ. ಕೊಡೈಕೆನಾಲ್ ಹತ್ತಿರ ಮನ್ನವನೂರಿನಲ್ಲೂ ಕೇಂದ್ರ ಸರ್ಕಾರದ ಕುರಿ ಮತ್ತು ಉಣ್ಣೆ ಸಂಸ್ಥೆಯ ಮೊಲಗಳಿವೆ. ಎರಡೂ ಗುಡ್ಡದ ಮೇಲೆ. ಸುಮ್ನೆ ಅಲ್ಲ. ಊಟಿಯಲ್ಲಿ ನಾಯಿ ಶೋ ಮಾಡುವುದು ಮೇ ತಿಂಗಳಲ್ಲಿ, ಆಗ ಕೆಳಗೆ ಬಯಲೆಲ್ಲ ಬೇಯುತ್ತಿರುತ್ತದೆ, ಮೇಲೆ ಸ್ವೆಟರ್ ಬೇಕು. ಕಾಸರಗೋಡಿನಲ್ಲಿ ಮೊಲದ ಶೋ ಮಾಡುವುದಾದರೆ ಡಿಸೆಂಬರ್, ಬೆಳಗ್ಗೆ ಒಂಬತ್ತರ ಒಳಗೆ. ಅದು ಬಿಟ್ಟರೆ ಮಾಡದಿರುವುದೇ ಲೇಸು.

ಪೈವಳಿಕೆ ಪೋಕ್ರಿ

ಒಂದು ನಿಜವಾದ ಪ್ರಶ್ನೆ, ತಮಾಷೆ ಅಲ್ಲ. ನಮ್ಮ ಮಾವನಿಗೆ ಗುಡ್ಡೆಯಲ್ಲಿ ಹುಲ್ಲು ಕೊಯ್ಯುವಾಗ ಒಂದು ಮೊಲದ ಮರಿ ಸಿಕ್ಕಿದೆ. ಕಣ್ಣು ಬಿಟ್ಟಿದೆ, ಮೈ ತುಂಬ ರೋಮ, ಕಿವಿ ಉದ್ದ, ಕುತ್ತಿಗೆ ಹಿಂದೆ ಕಪ್ಪು. ಸಾಕಿ ಶೋಗೆ ಬಿಡಬಹುದಾ?

ಮಣ್ಣುತ್ತಿಯಲ್ಲಿ ಓದುವ ಪೆರ್ಲದವ

ಅದು ಕಾಡುಮೊಲ ಮಾರಾಯ್ರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ರಕ್ಷಣೆ ಇರುವ ಪ್ರಾಣಿ. ಹಿಡಿಯುವುದೂ ಸಾಕುವುದೂ ಅಪರಾಧ, ಶೋ ದೂರದ ಮಾತು. ಸಾಕುಮೊಲದ ಮರಿ ಹುಟ್ಟುವಾಗ ರೋಮ ಇರುವುದಿಲ್ಲ, ಕಣ್ಣು ಮುಚ್ಚಿರುತ್ತದೆ. ಕಾಡುಮೊಲದ ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತದೆ. ತಾಯಿ ಅದನ್ನು ಹುಲ್ಲಿನಲ್ಲಿ ಬಿಟ್ಟು ಹೋಗಿ ಕತ್ತಲಾದ ಮೇಲೆ ಬಂದು ಹಾಲು ಕೊಡುತ್ತದೆ. ಅನಾಥ ಅಂತ ತಿಳಿದು ಎತ್ತಿಕೊಂಡು ಬರುವುದೇ ತೊಂದರೆ. ಸಿಕ್ಕಿದ ಜಾಗದಲ್ಲೇ ಈಗಲೇ ಬಿಟ್ಟು ಬರಲಿ. ಗಾಯ ಆಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ಪೈವಳಿಕೆ ಪೋಕ್ರಿ

ಮಾವ ಈಗ ಟಾರ್ಚ್ ಹಿಡಿದು ಹೊರಟರು. ಬೈಯುತ್ತಾ ಹೊರಟರು, ಆದರೆ ಹೊರಟರು.

ತಾಳವಾಡಿಯ ಟೀಚರ್

ಎಲ್ಲರೂ ಮೊಲದ ಬಗ್ಗೆ ಬರೆದಿರಿ. ಮಗು ಎಂತ ಹೇಳುತ್ತದೆ? ನಾನು ಸರ್ಕಾರಿ ಕನ್ನಡ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಮಕ್ಕಳು ಇಂಥದ್ದಕ್ಕೆ ಹೋಗಬೇಕು ಅನ್ನುವುದು ಹೆಚ್ಚಾಗಿ ಕಪ್ಪಿಗಲ್ಲ. "ಇದು ನನ್ನದು, ನಾನು ಸಾಕಿದ್ದು" ಅಂತ ನಾಲ್ಕು ಜನರಿಗೆ ತೋರಿಸಬೇಕು ಅಂತ. ಅಮೆರಿಕದ ಹಳ್ಳಿ ಮಕ್ಕಳಿಗೆ ಫೋರ್-ಎಚ್ ಅಂತ ಕ್ಲಬ್ಬುಗಳಿವೆ. ಅಲ್ಲಿ ಮೊಲದ ಸ್ಪರ್ಧೆಯಲ್ಲಿ ಒಂದು ವಿಭಾಗದಲ್ಲಿ ಅಂಕ ಮೊಲಕ್ಕಲ್ಲ, ಮಗುವಿಗೆ. ಮಗು ಮೊಲವನ್ನು ಹೇಗೆ ಎತ್ತುತ್ತದೆ, ಹಲ್ಲು, ಉಗುರು, ಕಿವಿ ಹೇಗೆ ತೋರಿಸುತ್ತದೆ, ಕೇಳಿದ್ದಕ್ಕೆ ಉತ್ತರ ಗೊತ್ತಿದೆಯಾ, ಅಷ್ಟೇ. ಹರಿದ ಕಿವಿಯ ಮೊಲ ಹಿಡಿದುಕೊಂಡು ಹೋದರೂ ಗೆಲ್ಲಬಹುದು. ನಡೆಸುವವರಿಗೆ ಇದನ್ನು ಹೇಳಿ ನೋಡಿ.

ನೀರ್ಚಾಲಿನ ಅಮ್ಮ

ಪರೀಕ್ಷೆ ಮಾಡಿ ಆಯ್ತು. ಪಕ್ಕದ ಮನೆಯ ಮಾಷ್ಟ್ರು ಜಡ್ಜ್, ಅವರ ಹೆಂಡತಿ ಪ್ರೇಕ್ಷಕರು.

ಗುಂಡನನ್ನು ಮೇಜಿನ ಮೇಲೆ ಇಟ್ಟ ಕೂಡಲೇ ಮುದ್ದೆಯಾಗಿ ಕೂತ. ನೋಡಲಿಕ್ಕೆ ಭಾರಿ ಚಂದ. ಮಾಷ್ಟ್ರು "ಎಂಥ ಶಿಸ್ತು!" ಅಂದರು. ನಾನು ಇಲ್ಲಿ ಓದಿದ್ದು ನೆನಪಾಗಿ ಹತ್ತಿರ ಹೋಗಿ ನೋಡಿದೆ. ಕಿವಿ ಬೆನ್ನಿಗೆ ಅಂಟಿತ್ತು. ಕಣ್ಣಿನ ಅಂಚಿನಲ್ಲಿ ಬಿಳಿ ಕಾಣುತ್ತಿತ್ತು. ಯಾವಾಗಲೂ ಅಲ್ಲಾಡುತ್ತಲೇ ಇರುವ ಮೂಗು ನಿಂತಿತ್ತು. ಕೊತ್ತಂಬರಿ ಸೊಪ್ಪು ಮೂಗಿಗೆ ತಾಗಿಸಿದರೂ ಕದಲಲಿಲ್ಲ. ಗೂಡಿಗೆ ಬಿಟ್ಟ ಮೇಲೆ ಮೂಲೆಗೆ ಹೋಗಿ ಹಿಂಗಾಲಿನಿಂದ ಹಲಗೆಗೆ ದಬದಬ ಬಡಿದ. ಸಂಜೆಯವರೆಗೆ ಹುಲ್ಲು ಮುಟ್ಟಲಿಲ್ಲ.

ಬೆಲ್ಲ? ಮೇಜಿನ ತುದಿವರೆಗೆ ಹೋಗಿ ಕೆಳಗೆ ಬಗ್ಗಿ ನೋಡಿದಳು. ಮಾಷ್ಟ್ರ ಶರ್ಟಿನ ಗುಂಡಿ ಕಚ್ಚಿದಳು. ಹಲ್ಲು ನೋಡಿದಾಗ ಮುಖ ತಿರುಗಿಸಿದಳು, ಅಷ್ಟೇ. ಚೆಂಡೆ ಶುರುವಾದಾಗ ಕಿವಿ ನೆಟ್ಟಗೆ ಮಾಡಿ ಒಂದು ಕ್ಷಣ ಕೇಳಿ, ಸೊಪ್ಪು ತಿನ್ನಲಿಕ್ಕೆ ಕೂತಳು. ಹರಿದ ಕಿವಿಯೇ ಮುಂದೆ.

ಮಗಳು ಎಲ್ಲ ನೋಡಿದಳು. "ಗುಂಡ ಬೇಡ" ಅಂತ ಅವಳೇ ಹೇಳಿದಳು. ಸ್ವಲ್ಪ ಅತ್ತಳು, ಸುಳ್ಳು ಯಾಕೆ ಹೇಳಲಿ.

ಮುಳ್ಳೇರಿಯದ ಮೊಲದಣ್ಣ

ಛೆ. ಚಂದದವನು ಪುಕ್ಕಲ, ಧೈರ್ಯದವಳಿಗೆ ಪ್ರೈಜ್ ಇಲ್ಲ. ನನ್ನ ಹತ್ತಿರ ಬಂದವರು ಯಾವಾಗಲೂ ಬಣ್ಣ ನೋಡಿಯೇ ಮರಿ ತೆಗೆದುಕೊಳ್ಳುತ್ತಾರೆ.

ಉಪ್ಪಳದವಳು, ಈಗ ಲೆಸ್ಟರ್

ಇಲ್ಲಿನ ಮನೆ ಮೊಲದ ವಿಭಾಗದಲ್ಲಾದರೆ ಬೆಲ್ಲಳಿಗೆ ಅವಕಾಶ ಇತ್ತು. ಹಳೆಯ ಗಾಯ ಮಾಗಿದ್ದರೆ ಅಲ್ಲಿ ಅದು ದೊಡ್ಡ ವಿಷಯವಲ್ಲ. ತಳಿ ವಿಭಾಗದಲ್ಲಿ ಮಾತ್ರ ಹರಿದ ಕಿವಿ ಕಂಡ ಕೂಡಲೇ ಕಥೆ ಮುಗಿಯಿತು.

ನೀರ್ಚಾಲಿನ ಅಮ್ಮ

ಇವತ್ತು ನಡೆಸುವವರಿಗೆ ಫೋನ್ ಮಾಡಿದೆ. ಫಾರ್ಮು, ನಿಯಮ ಎಲ್ಲ ಮಲಯಾಳದಲ್ಲಿ ಮಾತ್ರ ಉಂಟು. ನಮ್ಮ ಕಡೆ ಅರ್ಧಕ್ಕರ್ಧ ಕನ್ನಡ ಶಾಲೆಯ ಮಕ್ಕಳು, ಆದರೂ ಹೀಗೆ. ಇರಲಿ, ಮಾತಾಡಿದವರು ಒಳ್ಳೆಯವರು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು.

ಸಮಯ ಬೆಳಗ್ಗೆ ಹತ್ತರಿಂದ ನಾಲ್ಕು. ಮೇಲೆ ತಗಡು. ಮೊಲದ ಗೂಡುಗಳು ನಾಯಿಗಳ ಸಾಲಿನ ಎದುರು. ಜನ ಮುಟ್ಟಬಹುದು. ಮಧ್ಯಾಹ್ನ ವೇಷಭೂಷಣ ಸ್ಪರ್ಧೆ, ಹೋದ ವರ್ಷ ಬೆಕ್ಕಿಗೆ ಕಸವಿನ (ಜರಿ ಅಂಚಿನ) ಸೀರೆ ಉಡಿಸಿದವರಿಗೆ ಬಹುಮಾನವಂತೆ. ಇಲ್ಲಿ ಓದಿದ್ದನ್ನೆಲ್ಲ ಅವರಿಗೆ ಹೇಳಿದೆ. ನಾಯಿ ಎದುರು ಮೊಲ ಇಡುವುದು ತಪ್ಪು ಅಂತ ಅವರಿಗೆ ಹೊಳೆದೇ ಇರಲಿಲ್ಲ. ಜಾಗ ಬದಲಿಸುತ್ತೇವೆ ಅಂದರು. ಮೊಲದ ಜಡ್ಜಿಂಗ್ ಎಂಟೂವರೆಗೆ ಮುಗಿಸಬಹುದಾ ಅಂತ ಕೇಳಿದೆ, ನಾಳೆ ಹೇಳುತ್ತಾರಂತೆ. ಟೀಚರ್ ಹೇಳಿದ ಮಕ್ಕಳ ವಿಭಾಗದ್ದೂ ಹೇಳಿದ್ದೇನೆ.

ಅಕ್ಕಲಕೋಟದ ಕಾಕಾ

ನಾಯಿ ಎದುರ ಮೊಲ! ಅವರಿಗೂ ಒಂದ ದಿವಸ ಹುಲಿ ಎದುರ ಕೂಡಸ್ರಿ.

ಮಣ್ಣುತ್ತಿಯಲ್ಲಿ ಓದುವ ಪೆರ್ಲದವ

ಬೆಳಗ್ಗೆ ಮುಗಿಸುವುದಾದರೆ ಬೆಲ್ಲ ಹೋಗಲಿ ಅನ್ನುತ್ತೇನೆ. ವೇಷ ಬೇಡವೇ ಬೇಡ. ಬಟ್ಟೆ ಹಾಕಿದರೆ ಸೆಖೆ, ಮೇಲಿಂದ ಅದನ್ನು ಕಚ್ಚಿ ನುಂಗಿದರೆ ಹೊಟ್ಟೆಗೆ ಸಂಕಟ.

ಸ್ನಾನ ಮಾಡಿಸಬೇಡಿ. ಶಾಂಪೂ ಹಾಕಿ ತೊಳೆದು ತಂದ ಮೊಲ ಎಷ್ಟೋ ಸಲ ಅಲ್ಲೇ ಚಳಿಗೋ ಹೆದರಿಕೆಗೋ ಬೀಳುತ್ತದೆ. ಒದ್ದೆ ಬಟ್ಟೆಯಲ್ಲಿ ಪಾದ ಒರೆಸಿ, ಬಾಚಿ, ಉಗುರಿನ ತುದಿ ಕತ್ತರಿಸಿದರೆ ಸಾಕು. ಉಗುರಿನ ಒಳಗೆ ಕೆಂಪಗೆ ಕಾಣುವ ರಕ್ತನಾಳಕ್ಕೆ ತಾಗಬಾರದು. ಉಣ್ಣಿ ಬರಬಾರದು ಅಂತ ನಾಯಿಗೆ ಹೊಡೆಯುವ ಸ್ಪ್ರೇ ಹೊಡೆಯಬೇಡಿ. ಫಿಪ್ರೋನಿಲ್ ಇರುವ ಔಷಧ ಮೊಲಕ್ಕೆ ವಿಷ.

ಗಂಡು ಪಕ್ಕದಲ್ಲೇ ಇರುವುದರಿಂದ ಒಂದು ಕೇಳಬೇಕು. ಇತ್ತೀಚೆಗೆ ಎರಡೂ ಒಟ್ಟಿಗೆ ಹೊರಗೆ ಬಿಟ್ಟಿದ್ದುಂಟಾ? ಗರ್ಭ 31 ದಿನ ಅಷ್ಟೇ. ಗಬ್ಬ ಇದ್ದರೆ ಎಲ್ಲಿಗೂ ಕರೆದುಕೊಂಡು ಹೋಗಬಾರದು.

ಶೋದಲ್ಲಿ ಪಕ್ಕದ ಗೂಡಿನ ಮೊಲಗಳನ್ನು ನೋಡಿ. ಮೂಗು ಒಣಗಿದ್ದರೂ ಮುಂಗಾಲಿನ ಒಳಬದಿ ನೋಡಬೇಕು. ಶೀತ ಇರುವ ಮೊಲ ಮುಂಗಾಲಿನಿಂದ ಮೂಗು ಒರೆಸಿಕೊಳ್ಳುತ್ತದೆ. ಅಲ್ಲಿನ ರೋಮ ಒದ್ದೆಯಾಗಿ ಗಂಟು ಕಟ್ಟಿರುತ್ತದೆ. ಮಾರುವವರು ಮೂಗು ಒರೆಸಿ ತರುತ್ತಾರೆ, ಕಾಲು ಒರೆಸಲಿಕ್ಕೆ ಮರೆಯುತ್ತಾರೆ. ಕಿವಿಯ ಒಳಗೆ ಕಂದು ಹಕ್ಕಳೆ, ಮೂಗಿನ ಸುತ್ತ ಬೂದು ಹೊಪ್ಪಳೆ ಕಂಡರೆ ಕಜ್ಜಿ. ಅಂಥದ್ದನ್ನು ಮುಟ್ಟಿದ ಕೈ ಸೋಪಿನಲ್ಲಿ ತೊಳೆಯದೆ ಬೆಲ್ಲಳನ್ನು ಮುಟ್ಟಬಾರದು. ಮೂಗಿನ ಸುತ್ತಿನ ಕಜ್ಜಿ, ಹುಳುಕಡ್ಡಿ ಎರಡೂ ನಮಗೂ ಹತ್ತುತ್ತದೆ.

ಮುಳ್ಳೇರಿಯದ ಮೊಲದಣ್ಣ

"ಮಾರುವವರು" ಅಂದಿದ್ದು ನನಗಲ್ಲ ಅಂತ ತಿಳಿಯುತ್ತೇನೆ. 😀

ಬಂದ ಮೇಲೆ ಎರಡು ವಾರ ಬೇರೆ ಇಡುವುದು ಮರೆಯಬೇಡಿ ಅಕ್ಕ. ನಾನು ಹೊಸ ಮೊಲ ತಂದರೆ ಒಂದು ತಿಂಗಳು ದೂರದ ಶೆಡ್ಡಿನಲ್ಲಿ ಇಡುತ್ತೇನೆ. ಮಧ್ಯೆ ಬಲೆ ಮಾತ್ರ ಇದ್ದರೆ ಪ್ರಯೋಜನ ಇಲ್ಲ, ಸೀನಿದರೆ ಆಚೆ ಹೋಗುತ್ತದೆ. ಮೊದಲು ಗುಂಡನಿಗೆ ಹುಲ್ಲು ನೀರು, ಆಮೇಲೆ ಬೆಲ್ಲಳಿಗೆ. ಉಲ್ಟಾ ಮಾಡಬೇಡಿ.

ನೀರ್ಚಾಲಿನ ಅಮ್ಮ

ಒಟ್ಟಿಗೆ ಬಿಟ್ಟೇ ಇಲ್ಲ, ಆ ಭಯ ಇಲ್ಲ. ಸೌದೆ ಕೊಟ್ಟಿಗೆ ಖಾಲಿ ಉಂಟು, ಅಲ್ಲಿ ಇಡಬಹುದು.

ಫೋನ್ ಬಂತು. ಮೊಲದ ಜಡ್ಜಿಂಗ್ ಎಂಟೂವರೆಗೆ ಶುರು, ಒಂಬತ್ತೂವರೆಗೆ ಮೊಲ ಮನೆಗೆ ಹೋಗಬಹುದು. ಬಹುಮಾನ ನಾಲ್ಕಕ್ಕೆ, ಮಕ್ಕಳು ಮಾತ್ರ ಬಂದರೆ ಸಾಕು. ಮಕ್ಕಳ ವಿಭಾಗ ಈ ಸಲ ಆಗುವುದಿಲ್ಲ, ಆದರೆ ಜಡ್ಜ್ ಮಕ್ಕಳ ಹತ್ತಿರ ಮಾತಾಡುತ್ತಾರಂತೆ. ಹಾಗಾಗಿ ಬೆಲ್ಲ ಹೋಗುತ್ತಾಳೆ. ಗುಂಡನ ಹೆಸರು ಹೊಡೆದು ಹಾಕಿದ್ದೇವೆ.

ಗೂಡಿಗೆ ಎಂತ ಹಾಸಬೇಕು? ಮನೆಯಲ್ಲಿ ತೆಂಗಿನ ನಾರಿನ ಚಾಪೆ ಉಂಟು.

ಮುಳ್ಳೇರಿಯದ ಮೊಲದಣ್ಣ

ನಾರು ಬೇಡ, ಕಚ್ಚಿ ನುಂಗುತ್ತದೆ. ಹಳೆ ಟವಲ್ ಹಾಸಿ ಮೇಲೆ ಅದು ದಿನಾ ತಿನ್ನುವ ಹುಲ್ಲು ಹಾಕಿ. ಅದೇ ಮೊಲದ ಗೂಡಿನ ವಾಸನೆ ಇರುವ ಟವಲ್ ಆದರೆ ಇನ್ನೂ ಒಳ್ಳೆಯದು. ಹೊಸ ತಿಂಡಿ ಅವತ್ತು ಬೇಡ. ಮನೆ ನೀರು ಬಾಟಲಿಯಲ್ಲಿ ಒಯ್ಯಿರಿ. ಇನ್ನೊಂದು ಬಾಟಲಿ ನೀರನ್ನು ಫ್ರೀಜರಿನಲ್ಲಿ ಗಟ್ಟಿ ಮಾಡಿ, ಬಟ್ಟೆ ಸುತ್ತಿ ಗೂಡಿನ ಒಂದು ಬದಿಗೆ ಇಡಿ. ಬೇಕಾದರೆ ಅದಕ್ಕೆ ಒರಗಿ ಕೂರುತ್ತದೆ, ಬೇಡವಾದರೆ ದೂರ ಹೋಗುತ್ತದೆ. ಹೊರಡುವ ಮೊದಲು ಹೊಟ್ಟೆ ಖಾಲಿ ಇಡಬೇಡಿ. ನಾಯಿಗೆ ಮಾಡುವ ಹಾಗೆ ಉಪವಾಸ ಹಾಕುವವರಿದ್ದಾರೆ.

ನೀರ್ಚಾಲಿನ ಅಮ್ಮ

ಹೋಗಿ ಬಂದೆವು. ಬೆಲ್ಲಳಿಗೆ ಬಹುಮಾನ ಇಲ್ಲ. ಒಂದು ದೊಡ್ಡ ಬಿಳಿ ಮೊಲಕ್ಕೆ ಮೊದಲನೇದು, ಅದು ನಿಜಕ್ಕೂ ಚೆನ್ನಾಗಿತ್ತು. ಜಡ್ಜ್ ಬೆಲ್ಲಳ ಹಲ್ಲು ನೋಡುವಾಗ ಅವಳು ಅವರ ಪೆನ್ನಿನ ಕ್ಲಿಪ್ ಕಚ್ಚಿ ಎಳೆದಳು. "ಇವಳ ಕಿವಿ ಯಾಕೆ ಹೀಗೆ?" ಅಂತ ಕೇಳಿದರು. ಮಗಳು ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ ಬೆಕ್ಕು ಕಿವಿ ಹರಿದ ಕಥೆ ಪೂರ್ತಿ ಹೇಳಿದಳು.

ಇನ್ನೊಂದು. ನಮ್ಮ ಪಕ್ಕದ ಗೂಡಿನ ಮೊಲ ಸೀನುತ್ತಿತ್ತು. ಮಗಳು ಬಗ್ಗಿ ಮುಂಗಾಲು ನೋಡಿ, "ಅಮ್ಮಾ, ಗಂಟು" ಅಂದಳು. ನಾವು ಗೂಡನ್ನು ದೂರದ ಕಂಬದ ಹತ್ತಿರ ಇಟ್ಟೆವು. ಜಡ್ಜಿಗೂ ತೋರಿಸಿದಳು, ಅವರು ಆ ಮೊಲವನ್ನು ಬೇರೆ ಇಡಿಸಿದರು. ಒಂಬತ್ತು ಗಂಟೆಗೇ ತಗಡಿನ ಕೆಳಗೆ ನಮಗೇ ಸೆಖೆ. ಬೆಲ್ಲ ಮನೆಗೆ ಬಂದು ಹುಲ್ಲು ತಿಂದಳು, ಹಿಕ್ಕೆ ಸರಿಯಾಗಿ ಹಾಕಿದಳು. ಈಗ ಸೌದೆ ಕೊಟ್ಟಿಗೆಯಲ್ಲಿ ಇದ್ದಾಳೆ.

ಮಣ್ಣುತ್ತಿಯಲ್ಲಿ ಓದುವ ಪೆರ್ಲದವ

ಮಗಳಿಗೆ ನನ್ನ ಶಹಬ್ಬಾಸ್ ಹೇಳಿ. ಆ ಪಕ್ಕದ ಮೊಲದ ವಿಷಯಕ್ಕೆ ಎರಡಲ್ಲ, ಮೂರು ವಾರ ಬೇರೆ ಇಡಿ. ಸೀನು ಬಂದರೆ ಕೂಡಲೇ ಬರೆಯಿರಿ.

ಮುಳ್ಳೇರಿಯದ ಮೊಲದಣ್ಣ

ನಾನೂ ಹೋಗಿದ್ದೆ, ಮಧ್ಯಾಹ್ನದ ಮೇಲೆ. ಎರಡು ಮೊಲ ಮಲಗಿಬಿಟ್ಟಿದ್ದವು, ನೀರು ಚಿಮುಕಿಸಿ ಕಾರಿನ ಏಸಿಗೆ ಹಾಕಿ ಉಳಿಸಿದರು. ನಡೆಸುವವರ ಹತ್ತಿರ ಕೂತು ಮಾತಾಡಿದೆ. ಬರುವ ವರ್ಷ ಮೊಲಕ್ಕೆ ಡಿಸೆಂಬರಿನಲ್ಲಿ ಬೇರೆಯೇ ದಿನ, ಬೆಳಗ್ಗೆ ಮಾತ್ರ, ಮಕ್ಕಳ ವಿಭಾಗ ಸೇರಿಸಿ ಮಾಡುವ ಅಂದಿದ್ದಾರೆ. ನಿಯಮ ಬರೆದು ಕೊಡಿ ಅಂದರು. ನನಗೆ ಬರೆಯುವ ಕೆಲಸ ಆಗದು.

ನೀರ್ಚಾಲಿನ ಅಮ್ಮ

ಕನ್ನಡದ್ದು ನಾನು ಬರೆಯುತ್ತೇನೆ. ಮಲಯಾಳಕ್ಕೆ ಪೆರ್ಲದ ಡಾಕ್ಟ್ರು ಇದ್ದಾರಲ್ಲ. ತಾಳವಾಡಿ ಟೀಚರ್, ಮಕ್ಕಳಿಗೆ ಕೇಳುವ ಪ್ರಶ್ನೆ ಹತ್ತು ಹನ್ನೆರಡು ಕಳಿಸಿ.

ತಾಳವಾಡಿಯ ಟೀಚರ್

ಶನಿವಾರದ ಒಳಗೆ ಕಳಿಸುತ್ತೇನೆ. ವೇಷಭೂಷಣ ಇಲ್ಲ ಅಂತ ಮೊದಲನೇ ಸಾಲಿನಲ್ಲೇ ಹಾಕಿ.